ಹಳ್ಳದ ಆಚೆಯ ನೆರಳಿಗೆ ಹೋದ ಅತ್ತೆ

ನಮ್ಮ ಸಂಸ್ಥಾನದ ಜಂಗಲ್ ಖಾತೆಯನ್ನು ನಡೆಸುವ ಸಾಹೇಬರ ಸನ್ನಿಧಿಗೆ,

ಕೃಷ್ಣಾ ಹೊಳೆಯ ದಂಡಿಯಲ್ಲಿ ನಮ್ಮ ಮನೆಯ ಮುಂದಿದ್ದ ಜಾಲಿಬನವನ್ನು ತಾವು ಒಂದು ಮರವನ್ನೂ ಬಿಡದೆ ಕಡಿಸಿದಿರಿ. ಅದೇ ದಂಡಿಯಲ್ಲಿ, ಒಂದು ಸಣ್ಣ ಹಳ್ಳದ ಆಚೆ, ಬೇರೊಂದು ಸಂಸ್ಥಾನದ ಹದ್ದಿನಲ್ಲಿ, ನನ್ನ ನೆಗೆಣ್ಣಿಯ ಮನೆಯ ಮುಂದಿನ ಬನ ಇವತ್ತಿಗೂ ನಿಂತಿದೆ. ಅಲ್ಲಿಯೂ ಕೊಡಲಿ ಬಿತ್ತು, ಆದರೆ ಮರ ಆರಿಸಿ ಬಿತ್ತು. ಇದರಿಂದ ನನಗೆ ಹೊಟ್ಟೆಕಿಚ್ಚಾಗಿದೆ. ನನ್ನ ತಕರಾರು ಅದೇ.

ಸರಕಾರಕ್ಕೆ ಬರೆಯುವಾಗ ಹೊಟ್ಟೆಕಿಚ್ಚು ಎಂಬ ಮಾತು ಬರಬಾರದೆಂದು ನಮ್ಮೂರಿನ ಓದಿದ ಗಂಡಸರು ನನಗೆ ಬುದ್ಧಿ ಹೇಳಿದ್ದರು. ಸಾರ್ವಜನಿಕ ಹಿತದೃಷ್ಟಿಯಿಂದ ಎಂದು ಶುರು ಮಾಡಬೇಕಂತೆ. ಎರಡು ಸಲ ಹಾಗೆಯೇ ಶುರು ಮಾಡಿದೆ, ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ, ನನ್ನ ಗಂಡನ ಹೆಸರಿನಲ್ಲಿ. ತಮ್ಮ ಕಚೇರಿ ಎರಡನ್ನೂ ಬಹಳ ಜೋಪಾನವಾಗಿ ಇಟ್ಟುಕೊಂಡಿರಬೇಕು, ಏಕೆಂದರೆ ಒಂದೂ ಹೊರಗೆ ಬರಲಿಲ್ಲ. ಆದ್ದರಿಂದ ಈಗ ಶೇಡಬಾಳದ ನನ್ನ ತವರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ನನ್ನ ಸ್ವಂತ ಹೆಸರಿನಲ್ಲಿ, ಬೆಳಗಾವಿಯ ಈ ವಾರಪತ್ರಿಕೆಗೆ ಕಳಿಸುತ್ತಿದ್ದೇನೆ. ಸಾರ್ವಜನಿಕ ಹಿತವನ್ನು ನೋಡಿಕೊಳ್ಳಲು ತಾವಿದ್ದೀರಿ. ನನ್ನ ಹೊಟ್ಟೆಕಿಚ್ಚನ್ನು ನಾನೇ ನೋಡಿಕೊಳ್ಳಬೇಕಲ್ಲವೇ?

ಜಾಗ ತಮಗೆ ನೆನಪಿರಲಿಕ್ಕಿಲ್ಲ, ಕಡಿಸಿದ ಜಾಗಗಳು ಬಹಳವಿರುತ್ತವೆ. ಹರಿಪುರದ ಸಂಗಮ ದಾಟಿ ಮೀರಜಿನ ಕಡೆಗೆ ಹೊಳೆ ಹೊರಳುವಲ್ಲಿ, ದಂಡಿಯ ಹೊಲದಲ್ಲಿ ನಮ್ಮ ವಸ್ತಿ. ನಮ್ಮ ಸೀಮೆಯಲ್ಲಿ ಸಂಸ್ಥಾನಗಳು ಕೌದಿಯ ತುಂಡುಗಳ ಹಾಗೆ ಒಂದಕ್ಕೊಂದು ಹೊಲಿದುಕೊಂಡಿವೆ. ಬುಧಗಾಂವದ ಬೀಗರ ಮನೆಗೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮ ಎತ್ತುಗಳು ಮೂವರು ರಾಜರ ಹದ್ದಿನಲ್ಲಿ ಸಗಣಿ ಹಾಕಿರುತ್ತವೆ. ನನ್ನ ಮಾವನವರ ಹೊಲದ ನಡುವೆ ಹರಿಯುವ ಹಳ್ಳವೇ ಇಬ್ಬರು ರಾಜರ ಗಡಿ. ಮಾವನವರು ಹರೆಯದಲ್ಲಿ ಆ ಹಳ್ಳದ ಎರಡೂ ಮಗ್ಗುಲಿಗೆ, ಹೊಳೆಯ ಅಂಚಿನುದ್ದಕ್ಕೂ, ಜಾಲಿ ಬೀಜ ಬಿತ್ತಿದ್ದರು. ಆಡು ತಿಂದು ಹೊರಹಾಕಿದ ಬೀಜ ಬೇಗ ಮೊಳೆಯುತ್ತದೆಂದು ದೊಡ್ಡಿಯ ಗೊಬ್ಬರದಿಂದ ಒಂದೊಂದನ್ನೇ ಆರಿಸಿದವರು ನನ್ನ ಅತ್ತೆ ಸಖುಬಾಯಿ, ಆಗ ಹೊಸದಾಗಿ ಮದುವೆಯಾಗಿ ಬಂದವರು. ದಂಡಿ ಸರಕಾರದ್ದು, ಆದ್ದರಿಂದ ಮರವೂ ಸರಕಾರದ್ದು. ಕಾಯಿ, ಒಣಗಿದ ಪುರಳೆ, ನೆರಳು, ಇವು ಮಾತ್ರ ನಮ್ಮವು. ಈ ಲೆಕ್ಕಕ್ಕೆ ಮಾವನವರ ತಕರಾರಿರಲಿಲ್ಲ. ನೆರಳು ಸಿಕ್ಕರೆ ಸಾಕು, ಮರ ರಾಜನೇ ಇಟ್ಟುಕೊಳ್ಳಲಿ ಎನ್ನುತ್ತಿದ್ದರಂತೆ.

ಮಾವನವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಚೀಟಿ ಎತ್ತಿದಾಗ ಹಳ್ಳದ ಈಚೆಯ ಹೊಲ ನನ್ನ ಗಂಡ ಧನಪಾಲನಿಗೆ, ಆಚೆಯದು ಮೈದುನ ಬಾಹುಬಲಿಗೆ ಬಂತು. ಮೈದುನನ ಹೆಂಡತಿ ಸುನಂದಾ, ಸಮಡೋಳಿಯ ಮಗಳು. ಅವಳ ಬಗ್ಗೆ ಸ್ವಲ್ಪ ಹೇಳಿಯೇ ಮುಂದೆ ಹೋಗಬೇಕು, ಇಲ್ಲದಿದ್ದರೆ ತಾವು ಮಾಡಿದ್ದು ಎಷ್ಟು ದೊಡ್ಡದೆಂದು ತಮಗೆ ತಿಳಿಯುವುದಿಲ್ಲ. ಸುನಂದಾ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದರೆ ಓಣಿಯ ಹೆಂಗಸರು ತಮ್ಮ ಜೋಳ ತಂದು ಅವಳ ಜೊತೆ ಕೈ ಹಾಕುತ್ತಿದ್ದರು. ನಾನು ಹಾಡಿದರೆ ಎಮ್ಮೆ ಸೊರೆ ಬಿಡುತ್ತಿರಲಿಲ್ಲ. ಒಂದೇ ಹೊಲದ ಅರಿಶಿನ, ಒಂದೇ ಒಲೆಯಲ್ಲಿ ಕುದಿಸಿದ್ದು, ಅವಳು ಒಣಹಾಕಿದ್ದಕ್ಕೆ ಬಣ್ಣ ಹೆಚ್ಚು ಬರುತ್ತಿತ್ತು. ಅವಳು ನಗುತ್ತಾ ಮಾತಾಡುತ್ತಾಳೆ, ನಾನು ಮಾತಾಡಿದರೆ ಬೈದಂತೆ ಕೇಳುತ್ತದಂತೆ. ಇದನ್ನೆಲ್ಲ ನಾನು ನುಂಗಿಕೊಂಡು ಬಂದೆ, ಏಕೆಂದರೆ ಪಾಲಾಗುವ ದಿನ ನಮ್ಮತ್ತೆ ಎಲ್ಲರ ಮುಂದೆ ಒಂದು ಮಾತು ಹೇಳಿದ್ದರು. ನಾ ಸರೂನ ಕಡೆ ಇರತೇನಿ ಅಂದರು. ಯಾರೂ ಒತ್ತಾಯ ಮಾಡಿರಲಿಲ್ಲ, ಅತ್ತೆ ತಾವಾಗಿಯೇ ನನ್ನನ್ನು ಆರಿಸಿಕೊಂಡರು. ಸುನಂದಾಳ ಮುಖ ಸಣ್ಣದಾಯಿತು. ನನ್ನ ಸಂಸಾರದಲ್ಲಿ ನಾನು ಗೆದ್ದದ್ದು ಅದೊಂದೇ ಸಲ, ಸಾಹೇಬರೇ. ಅತ್ತೆ ತೊಲಗಲೆಂದು ದೇವರಿಗೆ ಹರಕೆ ಹೊರುವ ಸೊಸೆಯಂದಿರು ಊರ ತುಂಬ ಇದ್ದಾರೆ. ನಾನು ಆ ಜಾತಿಯವಳಲ್ಲ.

ನಂತರ ಯುದ್ಧ ಬಂತು. ಪೆಟ್ರೋಲು ಮಾಯವಾಗಿ ಸಾಂಗಲಿ ಮೀರಜಿನ ಮೋಟಾರುಗಳು ಬೆನ್ನಿಗೆ ಇದ್ದಲಿ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡತೊಡಗಿದವು. ಜಾಲಿಯ ಇದ್ದಲಿಗೆ, ಗಾಡಿಯ ಗಾಲಿಗೆ, ಉರುವಲಿಗೆ ಎಲ್ಲಿಲ್ಲದ ಬೇಡಿಕೆ. ಎರಡೂ ಸಂಸ್ಥಾನಗಳಿಗೆ ಒಂದೇ ಚಳಿಗಾಲದಲ್ಲಿ ನಮ್ಮ ದಂಡಿಯ ನೆನಪಾಯಿತು. ತಾವು ಖುದ್ದಾಗಿ ಬಂದಿರಿ, ಅದಕ್ಕೆ ಉಪಕಾರ. ನಮ್ಮ ಬನದ ಎಲ್ಲಕ್ಕಿಂತ ದೊಡ್ಡ ಜಾಲಿಯ ಕೆಳಗೆ ಕುರ್ಚಿ ಹಾಕಿಸಿಕೊಂಡು, ನೆರಳೇ ಕಾಡಿನ ವೈರಿ ಎಂದು ನಮಗೆ ತಿಳಿಸಿ ಹೇಳಿದಿರಿ. ಜಾಲಿ ಬಿಸಿಲಿನ ಮರ, ದೊಡ್ಡ ಮರಗಳ ಅಡಿಯಲ್ಲಿ ಅದರ ಸಸಿ ಏಳುವುದಿಲ್ಲ, ಒಂದೊಂದೇ ಆರಿಸಿ ಕಡಿಯುವುದು ಹಳೆಯ ಕಾಲದ ಕೆಲಸ. ಪೂರಾ ಕಡಿದು ಪೂರಾ ಬಿತ್ತಿದರೆ ಒಂದೇ ವಯಸ್ಸಿನ ನೇರ ಮರಗಳು ಒಟ್ಟಿಗೆ ಮೇಲೇಳುತ್ತವೆ, ಕಾವಲೂ ಸುಲಭ, ಸಾಗಣೆಯೂ ಸುಲಭ. ತಾವು ಮರಾಠಿಯಲ್ಲಿ ಬಹಳ ಚೆನ್ನಾಗಿ ಹೇಳಿದಿರಿ. ಗಂಡಸರು ತಲೆಯಾಡಿಸಿದರು. ಹಿಂದೆ ಹೆಂಗಸರ ಜೊತೆ ಕುಳಿತಿದ್ದ ನಮ್ಮತ್ತೆ ಮಾತ್ರ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರು.

"ಈ ವರ್ಸ ಎಲ್ಲಾ ಕಡದ್ರ ಮುಂದಿನ ವರ್ಸ ಹೊಳಿಗಿ ಯಾರ ಅಡ್ಡ ನಿಂದರತಾರ್ರಿ?"

ಯಾರೋ ಅದನ್ನು ತಮಗೆ ಮರಾಠಿ ಮಾಡಿ ಹೇಳಿದರು. ತಾವು ನಕ್ಕು, ಅಜ್ಜಿಗೆ ಹೊಳೆಯ ಚಿಂತೆ ಬೇಡ, ಮಳೆ ಬೀಳುತ್ತಲೇ ಬೀಜ ಹಾಕಿಸಿ ತಂತಿಬೇಲಿ ಕಟ್ಟಿಸುತ್ತೇನೆ ಎಂದಿರಿ. ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಅದೇ ದಿನಗಳಲ್ಲಿ ಹಳ್ಳದ ಆಚೆಗೂ ಒಬ್ಬ ಜಂಗಲ್ ಸಾಹೇಬರು ಬಂದರು. ಅವರು ಕುರ್ಚಿ ಕೇಳಲಿಲ್ಲವೆಂದು ಸುನಂದಾ ನನಗೆ ಬೇಕೆಂದೇ ಹೇಳಿದಳು. ಒಬ್ಬ ಆಳಿನ ಕೈಯಲ್ಲಿ ಸುಣ್ಣದ ಮಡಕೆ ಹಿಡಿಸಿಕೊಂಡು ಮರ ಮರಕ್ಕೂ ನಿಂತು, ಟೊಂಗೆ ನೋಡಿ, ಬುಡ ನೋಡಿ, ಮುದಿಯಾದವು, ಒತ್ತಾಗಿ ಬೆಳೆದವು, ಹುಳ ಹಿಡಿದವು, ಇಂಥವಕ್ಕೆ ಬಿಳಿ ಪಟ್ಟೆ ಬಳಿಸಿದರು. ಹೊಳೆಯ ಅಂಚಿನ ಸಾಲನ್ನು ಮುಟ್ಟಿಸಲಿಲ್ಲ. ಬೀಜಕ್ಕೆಂದು ಅಲ್ಲೊಂದು ಇಲ್ಲೊಂದು ದಷ್ಟಪುಷ್ಟ ಮರ ಬಿಟ್ಟರು. ಪಟ್ಟೆ ಬಿದ್ದವು ಬಿದ್ದವು, ಉಳಿದವು ಉಳಿದವು. ಈಚೆ ನಮ್ಮಲ್ಲಿ ಕಡಿಯುವ ಗುತ್ತಿಗೆ ಹಿಡಿದ ತಮ್ಮ ಠೇಕೆದಾರನಿಗೆ ಸುಣ್ಣದ ಖರ್ಚೇ ಬರಲಿಲ್ಲ. ಕೊಡಲಿಯವರು ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಹೊರಟರು. ಕಡೆಗೆ ಬೊಡ್ಡೆಗಳನ್ನೂ ಅಗೆದು ಇದ್ದಲಿ ಭಟ್ಟಿಗೆ ಹಾಕಿದರು. ತಾವು ಕುಳಿತಿದ್ದ ಮರ ಮೊದಲ ವಾರದಲ್ಲೇ ಹೋಯಿತು.

ನಾನು ಅನ್ಯಾಯದ ಮಾತು ಆಡುವುದಿಲ್ಲ. ಜಾಲಿಗೆ ಬಿಸಿಲು ಬೇಕೆಂದು ತಾವು ಹೇಳಿದ್ದು ನಿಜ. ಆಚೆಯ ಬನದಲ್ಲಿ ದಟ್ಟ ನೆರಳಿರುವ ಕಡೆ ಸಸಿಗಳು ಬಡಕಲಾಗಿಯೇ ಇವೆ, ನಾನು ಹೋಗಿ ನೋಡಿದ್ದೇನೆ, ಹೊಟ್ಟೆಕಿಚ್ಚಿನವರ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ. ಅಲ್ಲಿ ಉರುಳಿದ ಒಂದು ಮುದಿಮರ ಪಕ್ಕದ ಎಳೆಯದನ್ನು ಮುರಿದುಕೊಂಡೇ ಬಿತ್ತು. ಸುಣ್ಣದ ಪಟ್ಟೆಯನ್ನು ಸೊಟ್ಟ ಮರದಿಂದ ನೆಟ್ಟನೆಯ ಮರಕ್ಕೆ ಜಾರಿಸುವ ಕೈಗಳು ಅಲ್ಲಿಯೂ ಇವೆ ಎಂದು ಕೇಳಿದ್ದೇನೆ. ಆರಿಸಿ ಕಡಿಯುತ್ತೇವೆಂದು ಹೇಳಿ ಒಳ್ಳೆಯದನ್ನೆಲ್ಲ ಆರಿಸಿಕೊಂಡು ಹೋದರೆ ಕಡೆಗೆ ಬನದಲ್ಲಿ ಗೂನುಬೆನ್ನಿನವೇ ಉಳಿಯುತ್ತವೆ. ಪೂರಾ ಕಡಿದ ಮೇಲೆ ಹೇಳಿದ ಹಾಗೆ ಬಿತ್ತಿ, ಬೇಲಿ ಕಟ್ಟಿ, ಕಾದಿದ್ದರೆ ಇವತ್ತು ನನ್ನ ಮೊಳಕಾಲೆತ್ತರದ ಸಸಿಗಳು ದಂಡಿಯಲ್ಲಿ ಇರುತ್ತಿದ್ದವೋ ಏನೋ. ಆದರೆ ಸಾಹೇಬರೇ, ತಮ್ಮ ಪದ್ಧತಿಯಲ್ಲಿ ಎರಡು ಭಾಗವಿತ್ತು, ಕಡಿಯುವುದು ಮತ್ತು ಬಿತ್ತುವುದು. ಮೊದಲನೆಯದು ಮುಗಿಯುತ್ತಲೇ ಪದ್ಧತಿಯೂ ಮುಗಿಯಿತೇ? ಬಿತ್ತಲು ತಮ್ಮವರು ಯಾರೂ ಬರದಿದ್ದಾಗ ನಾನೇ ದೊಡ್ಡಿಯ ಬೀಜ ಆರಿಸಿ ಮೊದಲ ಮಳೆಗೆ ಚೆಲ್ಲಿದೆ. ಮೊಳಕೆ ಬಂದವು. ಬೇಲಿ ಇಲ್ಲದ ಮೇಲೆ ಊರಿನ ಆಡುಗಳಿಗೆ ಅದಕ್ಕಿಂತ ಎಳೆಯ ಮೇವು ಎಲ್ಲಿ ಸಿಗಬೇಕು?

ನಮ್ಮ ಬಸದಿಯ ಗೋಡೆಯ ಮೇಲೆ ಒಂದು ಚಿತ್ರವಿದೆ. ನೇರಳೆ ಹಣ್ಣಿನ ಮರ, ಹಸಿದ ಆರು ಜನ. ಒಬ್ಬ ಮರವನ್ನು ಬುಡಕ್ಕೇ ಕಡಿಯಲು ಹೊರಟಿದ್ದಾನೆ, ಇನ್ನೊಬ್ಬ ದೊಡ್ಡ ಕೊಂಬೆ, ಮತ್ತೊಬ್ಬ ಸಣ್ಣ ಟೊಂಗೆ, ಒಬ್ಬ ಗೊಂಚಲು, ಒಬ್ಬ ಮಾಗಿದ ಹಣ್ಣು ಮಾತ್ರ. ಆರನೆಯವನು ಕೆಳಗೆ ಉದುರಿದ್ದನ್ನು ಹೆಕ್ಕುತ್ತಿದ್ದಾನೆ. ಮನಸ್ಸಿಗೆ ತಕ್ಕಂತೆ ಅವರಿಗೆ ಬಣ್ಣ ಬಳಿದಿದ್ದಾರೆ, ಮೊದಲಿನವನಿಗೆ ಕಡುಗಪ್ಪು, ಕಡೆಯವನಿಗೆ ಅಚ್ಚ ಬಿಳಿ. ತಾವು ಯಾರೆಂದು ನಾನು ಹೇಳುವುದಿಲ್ಲ. ಹೇಳಲು ನನಗೆ ಬಾಯೂ ಇಲ್ಲ, ಏಕೆಂದರೆ ಹೊಟ್ಟೆಕಿಚ್ಚಿನವರನ್ನೂ ಕಪ್ಪಿನ ಮಗ್ಗುಲಿಗೇ ನಿಲ್ಲಿಸಬೇಕೆಂದು ನಮ್ಮ ಪಂಡಿತರು ವಿವರಿಸುತ್ತಾರೆ. ಆ ಗೋಡೆಯ ಮೇಲೆ ತಾವೂ ನಾನೂ ಹತ್ತಿರ ಹತ್ತಿರವೇ ಇದ್ದೇವೆ. ಅದಕ್ಕೇ ಇಷ್ಟು ಸಲಿಗೆಯಿಂದ ಬರೆಯುತ್ತಿದ್ದೇನೆ.

ಈಗ ನನ್ನ ನಷ್ಟದ ವಿಷಯ. ಕಡಿದ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯ ಮುಂದಿನ ಕಟ್ಟೆ ಹೆಂಚಿನ ಹಾಗೆ ಕಾಯತೊಡಗಿತು. ನಮ್ಮತ್ತೆ ಬೆಳಗಿನ ಊಟ ಮುಗಿಸಿ, ಜಪಮಣಿ ಹಿಡಿದು, ಬನದಲ್ಲಿ ಕೂಡುವುದು ಮೊದಲಿನಿಂದ ನಡೆದು ಬಂದ ರೂಢಿ. ಮನೆಯ ಮುಂದೆ ಬನ ಇಲ್ಲದ್ದರಿಂದ, ಹೊಳೆಗೆ ಇಳಿಯುವ ಘಾಟಿನ ಹತ್ತಿರದ ಮೇಲಿನ ಬನದಲ್ಲಿ ಆ ಬೇಸಿಗೆಯೆಲ್ಲ ತಮ್ಮ ಠೇಕೆದಾರನ ಇದ್ದಲಿ ಭಟ್ಟಿಯ ಹೊಗೆ ತುಂಬಿದ್ದರಿಂದ, ಕೋಲೂರಿಕೊಂಡು ಹಳ್ಳ ದಾಟಿ ಆಚೆ ಹೋಗಿ ಕೂಡತೊಡಗಿದರು. ಮೊದಲು ಬಿಸಿಲು ಇಳಿಯುತ್ತಲೇ ಬರುತ್ತಿದ್ದರು. ಆಮೇಲೆ, ಹೊತ್ತು ಮುಳುಗುವ ಮುಂಚೆ ಉಣ್ಣಬೇಕಲ್ಲ, ದಾರಿಯಲ್ಲಿ ತಡವಾಗುತ್ತದೆಂದು ಸಂಜೆಯ ಊಟವನ್ನೂ ಸುನಂದಾಳ ಮನೆಯಲ್ಲೇ ಮುಗಿಸಿ ಬಂದರು. ನಾನು ತೆಗೆದಿಟ್ಟ ರೊಟ್ಟಿ ಬೆಳಿಗ್ಗೆ ಎಮ್ಮೆಗೆ ಹೋಗುತ್ತಿತ್ತು. ಒಂದು ದಿನ ಬೆಳಿಗ್ಗೆ ನಾನು ಅಂಗಳ ಸಾರಿಸುತ್ತಿದ್ದಾಗ ಹತ್ತಿರ ಬಂದು ನಿಂತು, ತಮ್ಮ ಕೌದಿ ಕಟ್ಟಿ ಕೊಡಲು ಹೇಳಿದರು. ನನ್ನಿಂದ ಏನು ತಪ್ಪಾಯಿತೆಂದು ಕೇಳಿದೆ.

"ತಪ್ಪ ನಿಂದಲ್ಲವ್ವಾ ಸರೂ. ಇಷ್ಟ ವರ್ಸ ನಿನ್ನ ಕೈಯಾಗ ಉಂಡೇನಿ, ಒಂದ ದಿನ ಉಪ್ಪ ಕಡಿಮಿ ಆಗಲಿಲ್ಲ. ಆದ್ರ ಈ ಕಟ್ಟಿ ಮ್ಯಾಲ ಕುಂತ್ರ ನಿಮ್ಮ ಮಾವನವರು ಬಿತ್ತಿದ್ದೆಲ್ಲಾ ಹೋಗಿದ್ದ ಕಣ್ಣಿಗಿ ಬೀಳತೈತಿ. ಅಲ್ಲಿ ಕುಂತ್ರ ಉಳದಿದ್ದ ಕಾಣತೈತಿ."

ಕೌದಿ ಕಟ್ಟಿ ಕೊಟ್ಟೆ. ನನ್ನ ಗಂಡ ಅದನ್ನು ಹೊತ್ತು, ತಾಯಿಯ ಹಿಂದೆ ನಡೆದ. ಅವರಿಬ್ಬರೂ ಹಳ್ಳಕ್ಕೆ ಇಳಿದು ಆಚೆ ಏರುವುದು ನನ್ನ ಅಂಗಳದಿಂದ ಪೂರ್ತಿ ಕಾಣಿಸಿತು, ಏಕೆಂದರೆ ನಡುವೆ ಅಡ್ಡ ನಿಲ್ಲುವ ಒಂದು ಮರವೂ ಇರಲಿಲ್ಲ. ಸುನಂದಾ ಬನದ ತುದಿಗೆ ಬಂದು ಅತ್ತೆಯ ಕೈ ಹಿಡಿದು ಕರೆದುಕೊಂಡಳು. ಅದನ್ನೂ ನೋಡಿದೆ. ಹಿರಿಯ ಸೊಸೆ ಮುದುಕಿಯನ್ನು ಹೊರಗೆ ಹಾಕಿದಳೆಂದು ವಾರದೊಳಗೆ ಊರೆಲ್ಲ ಆಡಿಕೊಂಡಿತು. ಹೊರಗೆ ಹಾಕಿದ್ದು ಜಂಗಲ್ ಖಾತೆ ಎಂದು ಯಾರಿಗೆ ಬಿಡಿಸಿ ಹೇಳಲಿ? ಸುನಂದಾ ಆ ಬೇಸಿಗೆಯಲ್ಲಿ ತನ್ನ ಬನದ ಜಾಲಿಕಾಯಿ ಬುಟ್ಟಿ ತುಂಬಿ ನಮ್ಮ ಆಡುಗಳಿಗೆ ಕಳಿಸಿದಳು. ನಾನು ಬೇಡವೆಂದೆ. ನನ್ನ ಆಡುಗಳು ಬೇಡವೆನ್ನಲಿಲ್ಲ.

ಶ್ರಾವಣದಲ್ಲಿ ಹೊಳೆ ಏರಿತು. ಸಂಗಮದಲ್ಲಿ ವಾರಣಾ ಹೊಳೆ ಬಂದು ಕೂಡಿದ ಮೇಲೆ ಕೃಷ್ಣೆ ಏರುವುದು ನಮಗೆ ಹೊಸದಲ್ಲ, ಪ್ರತಿ ವರ್ಷ ಅಂಚಿನವರೆಗೆ ಬಂದು, ಜಾಲಿಯ ಬೇರುಗಳ ನಡುವೆ ಕಸಕಡ್ಡಿ ಸಿಕ್ಕಿಸಿ, ಗೋಡು ಮಣ್ಣು ಬಿಟ್ಟು ಇಳಿದು ಹೋಗುತ್ತಿದ್ದಳು. ಈ ಸಲ ಅಂಚಿನಲ್ಲಿ ಬೇರಿರಲಿಲ್ಲ, ಬೊಡ್ಡೆ ಅಗೆದ ಗುಂಡಿಗಳಿದ್ದವು. ನೀರು ಗುಂಡಿಯಿಂದ ಗುಂಡಿಗೆ ದಾರಿ ಮಾಡಿಕೊಂಡಿತು. ಹಾಡುಹಗಲು, ಮಳೆ ನಿಂತು ಬಿಸಿಲು ಬಿದ್ದಾಗ, ನಾನೂ ನನ್ನ ಗಂಡನೂ ಬದುವಿನ ಮೇಲೆ ನಿಂತು ನೋಡಿದೆವು. ಮಣ್ಣು ಮೊದಲು ಸೀಳು ಬಿಟ್ಟಿತು. ಆಮೇಲೆ ಅರಿಶಿನದ ಸಾಲುಗಳು ಎಲೆ ಅಲ್ಲಾಡಿಸುತ್ತ, ನಿಂತ ಭಂಗಿಯಲ್ಲೇ, ಮಣ್ಣಿನ ಸಮೇತ ಕೆಳಗೆ ಜಾರಿದವು. ನಾವು ಹಿಂದೆ ಸರಿದಷ್ಟೂ ಸೀಳು ನಮ್ಮ ಹಿಂದೆ ಬಂತು. ಧನಪಾಲ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ, ಯಾರದೋ ಮಣ್ಣಿಗೆ ಬಂದವರ ಹಾಗೆ. ಮಧ್ಯಾಹ್ನದ ಹೊತ್ತಿಗೆ ನೀರು ದನದ ಕೊಟ್ಟಿಗೆಗೆ ಬಂತು. ಹಳ್ಳದ ಮೇಲ್ಗಡೆಯ ಕಲ್ಲಿನ ಸೇತುವೆಯಿಂದ ಸುತ್ತು ಹಾಕಿ ದನ, ಆಡು, ಪಾತ್ರೆ, ಹಾಸಿಗೆ ಎಲ್ಲ ಹೊಡೆದುಕೊಂಡು ನಾವು ಹೋದದ್ದು ಎಲ್ಲಿಗೆಂದು ತಾವು ಊಹಿಸಿರಬಹುದು.

ಸುನಂದಾ ತನ್ನ ನಡುಮನೆ ಬಿಟ್ಟುಕೊಟ್ಟಳು. ಬಿಸಿನೀರು ಕಾಯಿಸಿದಳು. ನಾನು ಹೊಸ್ತಿಲಲ್ಲಿ ಒದ್ದೆ ಸೀರೆಯಲ್ಲಿ ನಿಂತೇ ಇದ್ದಾಗ, "ಒಳಗ ಬರ್ರಿ ಅಕ್ಕಾ, ಇದೂ ನಿಮ್ಮ ಮನೀನ ಅಲ್ಲೇನ್ರಿ" ಎಂದಳು. ಕೆಟ್ಟದ್ದು ಮಾಡಿದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ ಸಾಹೇಬರೇ, ಉಪಕಾರ ಮಾಡುತ್ತಿರುವವರ ಮೇಲೆ ಪಡುವುದು ಎಂಥ ದಂಡನೆ ಎಂದು ತಮಗೆ ಅನುಭವವಿದೆಯೇ? ಅವಳ ರೊಟ್ಟಿ ಉಂಡೆ, ಅವಳ ಸೀರೆ ಉಟ್ಟೆ, ಅವಳ ಕಿಟಕಿಯಿಂದ ಹೊಳೆ ನೋಡಿದೆ. ಅದೇ ನೀರು ಅವಳ ಬನದ ಅಂಚಿಗೆ ಬಡಿದು, ಬೇರುಗಳಲ್ಲಿ ತೊಡರಿ, ಒಂದಿಷ್ಟು ಮಣ್ಣು ಕಚ್ಚಿಕೊಂಡು, ಪಕ್ಕಕ್ಕೆ ಹೊರಳಿ ಹೋಗುತ್ತಿತ್ತು. ಅವಳ ಅರಿಶಿನ ನಿಂತಿತ್ತು. ನಮ್ಮತ್ತೆ ಇಬ್ಬರು ಸೊಸೆಯರ ನಡುವೆ ಕುಳಿತು ಕಾಳು ಆರಿಸುತ್ತಿದ್ದರು. ನೋಡಿ, ನಾ ಅಂದೇ ಕೇಳಲಿಲ್ಲವೇ ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ.

ನೀರಿಳಿದ ಮೇಲೆ ತಾವು ಪರಿಶೀಲನೆಗೆ ದಯಮಾಡಿಸಿದಿರಿ. ಕೊಚ್ಚಿದ ಅಂಚಿನಲ್ಲಿ ನಿಂತು, ಇದು ದೈವಾಧೀನ ಎಂದಿರಿ. ಆಗ ನಾನು ಸೆರಗು ಎಳೆದುಕೊಂಡು ಮುಂದೆ ಬಂದು ಕೇಳಿದ್ದು ತಮಗೆ ನೆನಪಿರಬಹುದು. ದೈವಕ್ಕೆ ಸಂಸ್ಥಾನದ ಗಡಿ ಗೊತ್ತಿದೆಯೇ, ಹಳ್ಳದ ಈಚೆಯ ಹೊಲವೇ ಅದಕ್ಕೆ ಬೇಕಾಯಿತೇ ಎಂದಿದ್ದೆ. ಹೊಳೆಯ ಸೆಳೆತ ಈ ಕಡೆ ಹೆಚ್ಚು ಎಂದು ತಾವು ಉತ್ತರ ಕೊಟ್ಟಿರಿ. ಮಾವನವರು ಬಿತ್ತಿದಾಗಿನಿಂದ ಇಲ್ಲದ ಸೆಳೆತ ತಮ್ಮ ಠೇಕೆದಾರ ಹೋದ ಮೇಲೆ ಎಲ್ಲಿಂದ ಬಂತೆಂದು ಕೇಳುವಷ್ಟರಲ್ಲಿ ನನ್ನ ಗಂಡ ನನ್ನ ತೋಳು ಹಿಡಿದ. ಅರ್ಜಿ ಕೊಡಿ ಎಂದು ಹೇಳಿ ತಾವು ಇದ್ದಲಿ ಮೋಟಾರು ಹತ್ತಿದಿರಿ. ಅದರಲ್ಲಿ ಉರಿಯುತ್ತಿದ್ದದ್ದು ನಮ್ಮ ಮರವಿದ್ದರೂ ಇರಬಹುದು.

ಆ ಎರಡು ಅರ್ಜಿ ಹೋದವು. ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡು ಉಳಿದ ಹೊಲ ನೋಡಿಕೊಳ್ಳುತ್ತಿದ್ದೆ. ಆದರೆ ದೀಪಾವಳಿ ಮುಗಿದ ಮೇಲೆ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ನಮ್ಮ ವಸ್ತಿಯ ಮೇಲ್ಗಡೆ, ಘಾಟಿನ ಹತ್ತಿರ ಉಳಿದಿರುವ ಮೇಲಿನ ಬನವನ್ನೂ ತಾವು ಮಾಘದಲ್ಲಿ ಪೂರಾ ಕಡಿಸಲಿದ್ದೀರಿ. ಇನ್ನೊಂದು, ಹಳ್ಳದ ಆಚೆಗೆ ಹೊಸ ಸಾಹೇಬರು ಬಂದಿದ್ದಾರೆ, ಈಚೆ ತಮ್ಮ ಖಾತೆಗೆ ಬಂದ ಹಣ ನೋಡಿ ಅವರಿಗೂ ಹೊಟ್ಟೆಯೊಳಗೆ ಏನೋ ಆಗಿದೆ, ಸುನಂದಾಳ ಬನವನ್ನೂ ತಮ್ಮ ಪದ್ಧತಿಯಂತೆ ಬೋಳಿಸುವ ಮಾತು ನಡೆದಿದೆ. ಹೊಟ್ಟೆಕಿಚ್ಚು ನನ್ನಂಥ ಹೆಂಗಸರಿಗೆ ಮಾತ್ರ ಬರುವ ರೋಗವಲ್ಲವೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು.

ಎರಡನೆಯ ಸುದ್ದಿ ತಂದವಳು ಸುನಂದಾ. ನಮ್ಮ ಅಂಗಳಕ್ಕೆ ಬಂದು, ನಗು ಇಲ್ಲದ ಮುಖದಲ್ಲಿ ಕುಳಿತಳು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನನ್ನು ಏನೂ ಕೇಳಿದವಳಲ್ಲ.

"ನಿಮಗ ಬರಿಯಾಕ ಬರತೈತ್ರಿ ಅಕ್ಕಾ, ನನಗ ಸಹಿ ಸೈತ ಬರೂದಿಲ್ಲ. ನಮ್ಮ ಸಾಹೇಬ್ರಿಗಿ ಒಂದ ಪತ್ರ ಬರದ ಕೊಡ್ರಿ."

ನೋಡೋಣ ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು, ಕುಡಿದ ಮಜ್ಜಿಗೆ ಇಳಿದ ಹಾಗೆ. ಅವಳದೂ ಹೋಗಲಿ. ಅವಳ ಕಟ್ಟೆಯೂ ಕಾಯಲಿ, ಅವಳ ಅರಿಶಿನವೂ ಎಲೆ ಅಲ್ಲಾಡಿಸುತ್ತ ಜಾರಲಿ, ನಾನು ನಡುಮನೆ ಬಿಟ್ಟುಕೊಟ್ಟು ಬಿಸಿನೀರು ಕಾಯಿಸುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ, ಆಚೆ ನೆರಳು ಹೋದರೆ ಅತ್ತೆಗೆ ಅಲ್ಲಿ ಕೂಡಲು ಕಾರಣವೇನು? ಕೆಲವು ದಿನ ಈ ವಿಚಾರವನ್ನು ಬೆಲ್ಲದ ತುಂಡಿನ ಹಾಗೆ ಬಾಯೊಳಗೆ ಇಟ್ಟುಕೊಂಡೇ ಕೆಲಸ ಮಾಡಿದೆ. ಅತ್ತೆಯ ಬಾಯಿಂದಲೇ ಕೇಳಿಬಿಡೋಣವೆಂದು ಒಂದು ಮಧ್ಯಾಹ್ನ ಹಳ್ಳ ದಾಟಿ ಹೋದೆ. ಅವರು ಬನದ ಅಂಚಿನಲ್ಲಿ ಹೊಳೆಯ ಕಡೆ ಮುಖ ಮಾಡಿ ಕುಳಿತಿದ್ದರು. ಸುದ್ದಿ ಅವರಿಗೆ ಗೊತ್ತಿತ್ತು. ಇಲ್ಲಿಯೂ ಕಡಿದರೆ ಏನು ಮಾಡುತ್ತೀರೆಂದು ಕೇಳಿದೆ.

"ನಿನ್ನ ಕಡೆ ಬರತೇನಿ," ಎಂದರು. ಜಪಮಣಿ ಮುಂದೆ ಸರಿಯಲಿಲ್ಲ. "ಎರಡೂ ಕಡೆ ಬಯಲಾದ ಮ್ಯಾಲ ಎಲ್ಲಿ ಕುಂತ್ರೇನ? ಒಂದ ಮೂಲ್ಯಾಗ ಮಲಗತೇನಿ, ಹೊರಗ ಬರೂದಿಲ್ಲ."

ನನಗೆ ಬೇಕಾಗಿದ್ದ ಮಾತು ಅದೇ, ಆದರೆ ಅದನ್ನು ಕೇಳಿ ಅವರ ಪಕ್ಕದಲ್ಲಿ ಕುಳಿತುಬಿಟ್ಟೆ. ಹಾಗೆ ಬರುವ ಅತ್ತೆ ನನಗೆ ಬೇಡ, ಸಾಹೇಬರೇ. ಪಾಲಿನ ದಿನ ಅವರು ನನ್ನನ್ನು ಆರಿಸಿಕೊಂಡು ಬಂದಿದ್ದರು. ಹೋಗಲು ಬೇರೆ ಕಡೆ ಇಲ್ಲದೆ ಬಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವವರನ್ನು ಇಟ್ಟುಕೊಂಡು ನಾನು ಯಾರ ಮುಂದೆ ಗೆದ್ದೆನೆಂದು ಹೇಳಿಕೊಳ್ಳಲಿ? ಮೇಲಿನ ಬನ ಉಳಿದರೆ ಏನು ಮಾಡುತ್ತೀರೆಂದು ಕೇಳಿದೆ. ಅವರು ಘಾಟಿನ ಕಡೆ ತಿರುಗಿ, ದೂರ ಅಳೆಯುವವರ ಹಾಗೆ ನೋಡಿದರು.

"ಉಳಿದ್ರ ಬ್ಯಾಸಿಗಿ ಪೂರಾ ನಿನ್ನ ಕಡೆ ಇರತೇನಿ. ಅಲ್ಲಿಗಿ ನಿನ್ನ ಮನಿಯಿಂದ ಕೋಲ ಹಿಡಕೊಂಡ ಹೋಗಬೌದು."

ಅವತ್ತು ಸಂಜೆಯೇ ಸುನಂದಾಳ ಮನೆಯಲ್ಲಿ ಕುಳಿತು ಅವಳ ಪತ್ರ ಬರೆದೆ, ಮರಾಠಿಯಲ್ಲಿ. ಆ ಸಾಹೇಬರು ಬಂದು ನಮ್ಮ ಬೋಳು ದಂಡಿಯನ್ನೂ ಅವಳ ದಂಡಿಯನ್ನೂ ಒಂದೇ ದಿನ ನಡೆದು ನೋಡಬೇಕು, ಆಮೇಲೆ ಮನಸ್ಸಿಗೆ ಬಂದದ್ದು ಮಾಡಲಿ ಎಂದು ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ಪತ್ರ ಚೆನ್ನಾಗಿ ಬಂದಿತ್ತು, ನನ್ನ ಎರಡು ಅರ್ಜಿಗಳಿಗಿಂತ ಬಹಳ ಚೆನ್ನಾಗಿ. ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಉತ್ತರ ಬಂತು. ಆ ಹೊಸ ಸಾಹೇಬರು ಬಂದರು, ಎರಡೂ ದಂಡಿ ನೋಡಿದರು, ನಮ್ಮ ಸೀಳಿನ ಅಂಚಿನಲ್ಲೂ ನಿಂತರು. ಹಿಂದಿನ ಸಾಹೇಬರ ಪದ್ಧತಿಯೇ ನಡೆಯಲಿ, ಅಂಚಿನ ಸಾಲು ಮುಟ್ಟಬೇಡಿ ಎಂದು ಆಳುಗಳಿಗೆ ಹೇಳಿ ಹೋದರಂತೆ. ಇದನ್ನೂ ಸುನಂದಾಳೇ ಓಡಿ ಬಂದು ಹೇಳಿದಳು, ನಗುತ್ತಾ. ನಾನು ಬರೆದ ಅಕ್ಷರ, ಅವಳ ಹೆಬ್ಬೆಟ್ಟು, ಅವಳಿಗೆ ಬನ. ನನ್ನ ಅಕ್ಷರ, ನನ್ನ ಗಂಡನ ಸಹಿ, ನನಗೆ ಮೌನ. ಈಗ ಹೇಳಿ, ನನ್ನ ಹೊಟ್ಟೆಕಿಚ್ಚಿಗೆ ಕಾರಣವಿಲ್ಲವೇ?

ನನ್ನ ಬೇಡಿಕೆ ದೊಡ್ಡದಲ್ಲ. ಮಾಘಕ್ಕೆ ಮುಂಚೆ ತಾವು ಮೇಲಿನ ಬನಕ್ಕೆ ಬರಬೇಕು, ಕುರ್ಚಿಗಲ್ಲ, ನಡೆಯುವುದಕ್ಕೆ. ಯುದ್ಧಕ್ಕೆ ಮರ ಬೇಕು, ನನಗೆ ಗೊತ್ತು. ಮುದಿಯಾದವನ್ನು, ಒತ್ತಾದವನ್ನು ಗುರುತು ಮಾಡಿ ಒಯ್ಯಿರಿ, ಯಾರೂ ಅಡ್ಡ ಬರುವುದಿಲ್ಲ. ಎಲ್ಲಿ ಬಿಸಿಲು ಬೀಳಬೇಕೋ ಅಲ್ಲಿ ಬೀಳುವಷ್ಟು ಕಿಂಡಿ ತೆರೆಯಿರಿ, ತೆರೆದಲ್ಲಿ ಬಿತ್ತಿಸಿ ಬೇಲಿ ಕಟ್ಟಿಸಿರಿ. ಬೊಡ್ಡೆ ಅಗೆಯುವವರನ್ನು ದಂಡಿಗೆ ಬಿಡಬೇಡಿ. ಹೊಳೆಯ ಅಂಚಿನ ಸಾಲನ್ನು ಬಿಟ್ಟುಬಿಡಿ. ನಮ್ಮ ಬೋಳು ದಂಡಿಗೆ ಬೀಜ ನಾನು ಕೊಡುತ್ತೇನೆ, ಬೇಲಿ ತಮ್ಮದು, ತಾವೇ ಎಲ್ಲರ ಮುಂದೆ ಹೇಳಿದ್ದು. ಆದರೆ ಅಲ್ಲಿ ಬಿತ್ತಿದ್ದು ನೆರಳಾಗುವ ಹೊತ್ತಿಗೆ ನಮ್ಮತ್ತೆ ಇರುವುದಿಲ್ಲ. ಅವರಿಗೆ ವಯಸ್ಸಾಗಿದೆ, ಕಣ್ಣು ಮಂಜಾಗುತ್ತಿದೆ, ಕೋಲು ಹಿಡಿದು ಎಷ್ಟು ದೂರ ನಡೆಯಬಹುದೆಂದು ಅವರೇ ಅಳೆದು ಹೇಳಿದ್ದಾರೆ. ಅವರು ಬದುಕಿರುವಾಗ ನನ್ನ ಮಗ್ಗುಲಲ್ಲಿ ಇರಬಹುದಾದ ನೆರಳು ಮೇಲಿನ ಬನದ್ದು ಮಾತ್ರ, ಅದು ಇವತ್ತಿನವರೆಗೆ ನಿಂತಿದೆ.

ಅವರ ಕೌದಿ ಹಾಸುವ ಜಾಗವನ್ನು ನಿನ್ನೆ ಸಾರಿಸಿ ಇಟ್ಟಿದ್ದೇನೆ. ಬೇಸಿಗೆಗೆ ಇನ್ನು ಬಹಳ ದಿನವಿಲ್ಲ, ಸಾಹೇಬರೇ. ನನ್ನ ಅತ್ತೆಯನ್ನು ನನಗೆ ತಿರುಗಿ ಕೊಡಿ.

ಇಂತಿ, ತಮ್ಮ ಹದ್ದಿನೊಳಗೆ ಮನೆಯನ್ನೂ ಹಳ್ಳದ ಆಚೆಗೆ ಕಣ್ಣನ್ನೂ ಇಟ್ಟುಕೊಂಡು ಬದುಕುತ್ತಿರುವ,
ಧನಪಾಲನ ಹೆಂಡತಿ, ಸಖುಬಾಯಿಯ ಹಿರಿಯ ಸೊಸೆ
ಸರುಬಾಯಿ